ಪಾದೊವಾ ಒಂದು ದಿನದಲ್ಲಿ: ಸಾಲದ ಜಾಡು ಹಿಡಿದು ನಡೆಯುವವರಿಗೊಂದು ಸಮಗ್ರ ಮಾರ್ಗದರ್ಶಿ

ವೆನಿಸ್ ನೋಡಲು ಹೋಗುವ ನಮ್ಮವರಲ್ಲಿ ಅನೇಕರು ತಂಗುವುದು ಪಕ್ಕದ ಮೆಸ್ತ್ರೆಯಲ್ಲಿ. ಅಲ್ಲಿ ರೂಮಿನ ಬಾಡಿಗೆ ಕಡಿಮೆ, ಅಷ್ಟೇ ಕಾರಣ. ಎರಡು ದಿನ ಕಾಲುವೆ, ಸೇತುವೆ ಸುತ್ತಿ ಕಾಲು ನೋಯಿಸಿಕೊಂಡ ಮೇಲೆ ‘ಮೂರನೇ ದಿನ ಏನು ಮಾಡೋಣ?’ ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ರೈಲು ಹತ್ತಿ ಪಾದೊವಾಕ್ಕೆ ಹೋಗಿ. ಅರ್ಧ ಗಂಟೆಯ ದಾರಿ.

ಹೆಸರು ಅಪರಿಚಿತ ಅನ್ನಿಸಿದರೆ ಇಂಗ್ಲಿಷ್ ಉಚ್ಚಾರ ನೆನಪಿಸಿಕೊಳ್ಳಿ, ಪದುವಾ. ಮಂಗಳೂರಿನಲ್ಲಿ ಪದುವಾ ಹೈಸ್ಕೂಲು ಇದೆ. ಮೈಸೂರು ಜಿಲ್ಲೆಯ ಡೋರನಹಳ್ಳಿಯಲ್ಲಿ ಜೂನ್ 13ರಂದು ಜಾತಿಮತ ನೋಡದೆ ಜನ ಸೇರುತ್ತಾರಲ್ಲ, ಆ ಸಂತ ಅಂತೋಣಿ ಕಣ್ಣು ಮುಚ್ಚಿದ್ದು, ಮಣ್ಣಾದದ್ದು ಈ ಊರಿನಲ್ಲೇ.

ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಹೋದರೆ ಪಾದೊವಾ ಬೇಸರ ತರಿಸೀತು. ಒಂದು ಚರ್ಚು, ಆಮೇಲೆ ಇನ್ನೊಂದು ಚರ್ಚು, ನಡುವೆ ಒಂದು ಕಾಫಿ. ಎರಡನೇ ಸಲ ಹೋದಾಗ ನನಗೊಂದು ಎಳೆ ಸಿಕ್ಕಿತು: ಸಾಲ. ಬಡ್ಡಿ ದುಡ್ಡಿನ ಪಾಪ ತೊಳೆಯಲು ಕಟ್ಟಿದ ಗುಡಿ, ಪಾಪರ್ ಆದವನನ್ನು ಕೂರಿಸುತ್ತಿದ್ದ ಕಲ್ಲು, ಸಾಲಗಾರರ ಪರ ಕಾನೂನು ಬರೆಸಿದ ಸಂತ, ತಂಗಿಯರ ವರದಕ್ಷಿಣೆಗೆ ಒದ್ದಾಡಿದ ಗೆಲಿಲಿಯೊ, ಕಾಸಿಲ್ಲದವರೂ ಕೂರಬಹುದಾಗಿದ್ದ ಕಾಫಿಮನೆ, ಎಲ್ಲವೂ ನಾಲ್ಕೈದು ಕಿಲೋಮೀಟರ್ ನಡಿಗೆಯಲ್ಲಿವೆ. ಕೆಳಗಿನ ದಾರಿ ಆ ಎಳೆ ಹಿಡಿದೇ ಹೋಗುತ್ತದೆ.

ಹೊರಡುವ ಮೊದಲು: ವಾರ ನೋಡಿ, ಟಿಕೆಟ್ ಕಾದಿರಿಸಿ

ಸೋಮವಾರ ಬೇಡ. ಹಳೆಯ ನ್ಯಾಯಾಲಯದ ಕಟ್ಟಡ ಪಲಾತ್ಸೊ ದೆಲ್ಲಾ ರಜೋನೆ ಅಂದು ಸಾಮಾನ್ಯವಾಗಿ ಮುಚ್ಚಿರುತ್ತದೆ, ಸಸ್ಯೋದ್ಯಾನವೂ ಹಾಗೇ. ಭಾನುವಾರ ಹೋದರೆ ತರಕಾರಿ ಸಂತೆ ಇರುವುದಿಲ್ಲ, ಅದಿಲ್ಲದೆ ಊರಿನ ನಡುಮಧ್ಯ ಬಣಬಣ. ಮಂಗಳವಾರದಿಂದ ಶನಿವಾರದೊಳಗೆ ಒಂದು ದಿನ ಆರಿಸಿ. ಶನಿವಾರವಾದರೆ ಪ್ರಾತೊ ಚೌಕದಲ್ಲಿ ದೊಡ್ಡ ಸಂತೆಯೂ ಸಿಗುತ್ತದೆ. ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ಹಿತ. ಆಗಸ್ಟಿನಲ್ಲಿ ಸೆಕೆ ಒಂದು ಕಡೆ, ರಜೆಗೆಂದು ಅಂಗಡಿ ಮುಚ್ಚಿ ಹೋಗುವವರು ಇನ್ನೊಂದು ಕಡೆ. ಚಳಿಗಾಲದಲ್ಲಿ ಪೋ ನದಿಯ ಬಯಲಿನ ಮಂಜು ಊರನ್ನೇ ನುಂಗಿ ಕೂತಿರುತ್ತದೆ.

ಆಮೇಲೆ ಸ್ಕ್ರೊವೇನ್ಯಿ ಚಾಪೆಲ್, ಬಡ್ಡಿ ದುಡ್ಡಿನಲ್ಲಿ ಕಟ್ಟಿದ ಆ ಗುಡಿ. ಮುಂಗಡ ಬುಕಿಂಗ್ ಇಲ್ಲದೆ ಒಳಗೆ ಹೋಗುವ ಆಸೆ ಬಿಟ್ಟುಬಿಡಿ. ಒಂದು ಸಲಕ್ಕೆ 25 ಜನ, ಒಳಗೆ 15 ನಿಮಿಷ, ಅಷ್ಟೇ ಲೆಕ್ಕ. ನಾನು ಮೊದಲ ಸಲ ‘ಹೋಗಿ ನೋಡಿದರಾಯ್ತು’ ಎಂದು ಹೋಗಿ, ಹೊರಗಿನ ಇಟ್ಟಿಗೆ ಗೋಡೆಗೆ ಪ್ರದಕ್ಷಿಣೆ ಹಾಕಿ ಬಂದವಳು. ಬೆಳಗಿನ ಮೊದಲ ಸ್ಲಾಟುಗಳಲ್ಲಿ ಒಂದನ್ನು ಹಿಡಿಯಿರಿ. ಆ ಸಮಯ ಸಿಕ್ಕಮೇಲೇ ಉಳಿದ ದಿನವನ್ನು ಅದರ ಸುತ್ತ ಹೆಣೆಯಿರಿ: ವಿಶ್ವವಿದ್ಯಾಲಯದ ಪಲಾತ್ಸೊ ಬೋಗೆ ಗೈಡ್ ಜೊತೆಗಿನ ಇಂಗ್ಲಿಷ್ ಪ್ರವಾಸ ಬೆಳಗಿನ ಕೊನೆಗೆ, ಬ್ಯಾಪ್ಟಿಸ್ಟರಿ (ದೀಕ್ಷಾಸ್ನಾನದ ಗುಡಿ) ಮಧ್ಯಾಹ್ನಕ್ಕೆ. ಇವೆರಡಕ್ಕೂ ಸಮಯ ನಿಗದಿಯಾದ ಟಿಕೆಟ್.

14ನೇ ಶತಮಾನದ ಭಿತ್ತಿಚಿತ್ರಗಳಿರುವ ಇಲ್ಲಿನ ಎಂಟು ಕಟ್ಟಡಗಳ ಗುಂಪನ್ನು 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಿಗೆಂದೇ ‘ಉರ್ಬ್ಸ್ ಪಿಕ್ಟಾ’ ಎಂಬ ಕಾರ್ಡ್ ಇದೆ, ಬಸ್ಸು ಟ್ರಾಮು ಅದರಲ್ಲೇ ಸೇರಿರುತ್ತದೆ. ಒಂದೇ ದಿನಕ್ಕೆ ಹೋಗುವವರು ಬಿಡಿ ಟಿಕೆಟ್ ಜೊತೆ ಹೋಲಿಸಿ ಲೆಕ್ಕ ಹಾಕಿಯೇ ಕೊಳ್ಳಿ. ಕಾರ್ಡ್ ಕೈಯಲ್ಲಿದ್ದರೂ ಚಾಪೆಲ್ಲಿನ ಸಮಯ ಬೇರೆಯಾಗಿಯೇ ಕಾದಿರಿಸಬೇಕು, ಮರೆಯಬೇಡಿ.

ರೈಲು, ಸ್ಟೇಷನ್ನು

ವೆನಿಸ್‌ನ ಸಾಂತಾ ಲುಚೀಯಾದಿಂದ ಮೆಸ್ತ್ರೆ ಮಾರ್ಗವಾಗಿ ಪಾದೊವಾಕ್ಕೆ ದಿನವಿಡೀ ಗಾಡಿಗಳಿವೆ. ವೇಗದ ರೈಲಿಗೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ‘ರೆಜೊನಾಲೆ ವೆಲೋಚೆ’ ಎಂದಿರುವ ಪ್ರಾದೇಶಿಕ ಗಾಡಿ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ತಲುಪಿಸುತ್ತದೆ. ಬರೀ ‘ರೆಜೊನಾಲೆ’ ಎಂದಿದ್ದರೆ ಎಲ್ಲ ಕಡೆ ನಿಂತು ನಿಂತು ಹೋಗುತ್ತದೆ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಬಳಿಯ ಪುಟ್ಟ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು.

ಪಾದೊವಾ ಸ್ಟೇಷನ್ನಿನಿಂದ ಎದುರಿಗೇ ನೇರ ದಕ್ಷಿಣಕ್ಕೆ ನಡೆಯಿರಿ. ಕಾಲುವೆಯ ಸೇತುವೆ ದಾಟಿದ ಮೇಲೆ ಎಡಕ್ಕೆ ಒಂದು ಪಾರ್ಕು, ಅದರಲ್ಲಿ ಮುರಿದ ರೋಮನ್ ರಂಗಮಂದಿರದ ಗೋಡೆ. ಅದರೊಳಗೇ ಚಾಪೆಲ್. ಹತ್ತು ನಿಮಿಷದ ನಡಿಗೆ. ವಯಸ್ಸಾದವರು ಜೊತೆಯಲ್ಲಿದ್ದರೆ ಟ್ರಾಮ್ ಹಿಡಿಯಿರಿ, ನಡುವೆ ಒಂದೇ ಹಳಿಯ ಮೇಲೆ ರಬ್ಬರ್ ಚಕ್ರದಲ್ಲಿ ಓಡುವ ವಿಚಿತ್ರ ಗಾಡಿ. ಸ್ಟೇಷನ್ನಿನಿಂದ ಪ್ರಾತೊವರೆಗೆ ನಮ್ಮ ಇಡೀ ದಾರಿಯ ಪಕ್ಕದಲ್ಲೇ ಸಾಗುತ್ತದೆ.

ಬಡ್ಡಿ ದುಡ್ಡಿನ ಗುಡಿ: 15 ನಿಮಿಷ ಹೇಗೆ ಕಳೆಯಬೇಕು

ಅರ್ಧ ಗಂಟೆ ಮುಂಚೆಯೇ ಹೋಗಿ, ಬ್ಯಾಗು ಒಪ್ಪಿಸಿ ಸಿದ್ಧರಾಗಿ. ಮೊದಲು ಗಾಜಿನ ಕೋಣೆಯೊಂದರಲ್ಲಿ 15 ನಿಮಿಷ ಕೂರಿಸುತ್ತಾರೆ. ನಮ್ಮ ಮೈಯ ತೇವ, ಬಟ್ಟೆಯ ಧೂಳು ಚಿತ್ರಗಳಿಗೆ ತಾಗದಿರಲೆಂದು ಒಳಗಿನ ಗಾಳಿಯನ್ನು ಹದಕ್ಕೆ ತರುವ ವ್ಯವಸ್ಥೆ. ಆಗ ತೋರಿಸುವ ವಿಡಿಯೊ ನೋಡುತ್ತಾ ಈ ಕತೆ ಮನಸ್ಸಿಗೆ ತಂದುಕೊಳ್ಳಿ.

ರೆಜಿನಾಲ್ದೊ ಸ್ಕ್ರೊವೇನ್ಯಿ ಊರಿನ ದೊಡ್ಡ ಲೇವಾದೇವಿಗಾರ. ನಮ್ಮ ಮಾತಿನಲ್ಲಿ ಮೀಟರ್ ಬಡ್ಡಿಯವನು ಅಂದುಕೊಳ್ಳಿ. ಬಡ್ಡಿ ತಿನ್ನುವುದು ಆ ಕಾಲದ ಕ್ರೈಸ್ತರಿಗೆ ಮಹಾಪಾಪ. ಕವಿ ದಾಂತೆ ಇವನನ್ನು ಕುತ್ತಿಗೆಗೆ ಹಣದ ಚೀಲ ನೇತುಹಾಕಿ ನರಕದಲ್ಲೇ ಕೂರಿಸಿಬಿಟ್ಟ. ಮಗ ಎನ್ರಿಕೊ 1300ರಲ್ಲಿ ಈ ಜಾಗ ಕೊಂಡು ಪಕ್ಕದಲ್ಲಿ ಅರಮನೆ, ಅದಕ್ಕಂಟಿದಂತೆ ದಯೆಯ ಮಾತೆ ಮರಿಯಳಿಗೆ ಈ ಗುಡಿ ಕಟ್ಟಿಸಿದ. ಚಿತ್ರ ಬರೆಯಲು ಕರೆಸಿದ್ದು ಆ ಕಾಲದ ಹೆಸರಾಂತ ಚಿತ್ರಕಾರ ಜೊತ್ತೊನನ್ನು. 1305ರ ಮಾರ್ಚ್ 25ಕ್ಕೆ ಪ್ರತಿಷ್ಠೆ. ಅದಕ್ಕೂ ಎರಡು ತಿಂಗಳು ಮೊದಲೇ ಪಕ್ಕದ ಮಠದ ಸನ್ಯಾಸಿಗಳು ದೂರು ಕೊಟ್ಟಿದ್ದರು: ಇದು ದೇವರಿಗಾಗಿ ಅಲ್ಲ, ಆಡಂಬರಕ್ಕೆ ಎಂದು. ನೆರೆಹೊರೆ ಎಲ್ಲ ಕಾಲದಲ್ಲೂ ಒಂದೇ.

ಬಾಗಿಲು ತೆರೆದು ಒಳಗೆ ಹೋದೊಡನೆ ತಲೆಯೆತ್ತಿ. ನೀಲಿ ಆಕಾಶ, ಚಿನ್ನದ ನಕ್ಷತ್ರ. ಅದಕ್ಕೆ ಒಂದು ನಿಮಿಷ ಕೊಡಿ, ಫೋನ್ ತೆಗೆಯಬೇಡಿ. ಆಮೇಲೆ ಬಲಿಪೀಠಕ್ಕೆ ಮುಖ ಮಾಡಿ ನಿಲ್ಲಿ. ಕಿಟಕಿಗಳಿರುವ ಗೋಡೆ ನಿಮ್ಮ ಬಲಕ್ಕಿರುತ್ತದೆ. ಕತೆ ಶುರುವಾಗುವುದು ಆ ಗೋಡೆಯ ಅತಿ ಮೇಲಿನ ಸಾಲಿನಲ್ಲಿ, ಬಲಿಪೀಠದ ಪಕ್ಕದಿಂದ. ಮುಂದೆ ಮರಿಯಳ ತಂದೆಯಾಗುವ, ಆಗಿನ್ನೂ ಮಕ್ಕಳಿಲ್ಲದ ಯೊವಾಕಿಮನನ್ನು ದೇವಾಲಯದಿಂದ ಹೊರಗೆ ತಳ್ಳುತ್ತಿದ್ದಾರೆ. ಅಲ್ಲಿಂದ ಬಲಗೋಡೆ, ಎಡಗೋಡೆ, ಮತ್ತೆ ಒಂದು ಸಾಲು ಕೆಳಗೆ ಬಲಗೋಡೆ, ಎಡಗೋಡೆ, ಹೀಗೆ ಸುರುಳಿಯಾಗಿ ಇಳಿಯುತ್ತದೆ. ನಮ್ಮ ಗುಡಿಗಳ ಗೋಡೆಯ ಮೇಲೆ ರಾಮಾಯಣದ ಪಟ್ಟಿಕೆಗಳನ್ನು ಪ್ರದಕ್ಷಿಣೆ ಹಾಕುತ್ತಾ ಓದುತ್ತೇವಲ್ಲ, ಆ ಅಭ್ಯಾಸವಿದ್ದವರಿಗೆ ಇದು ಕಷ್ಟವಲ್ಲ.

ಎಲ್ಲವನ್ನೂ ನೋಡುವ ಹಟ ಬೇಡ. ನಾನಾಗಿದ್ದರೆ ಐದು ಕಡೆ ನಿಲ್ಲುತ್ತೇನೆ. ಬಲಗೋಡೆಯ ಎರಡನೇ ಸಾಲಿನಲ್ಲಿ ಮೂವರು ಜ್ಞಾನಿಗಳು ಮಗುವಿಗೆ ನಮಿಸುವ ಚಿತ್ರ: ಮೇಲಿರುವುದು ಮಾಮೂಲಿ ನಕ್ಷತ್ರವಲ್ಲ, ಬಾಲ ಉರಿಯುವ ಧೂಮಕೇತು. 1301ರಲ್ಲಿ ಹ್ಯಾಲಿ ಧೂಮಕೇತು ಕಾಣಿಸಿಕೊಂಡಿತ್ತು, ಜೊತ್ತೊ ಅದನ್ನೇ ಬರೆದಿರಬೇಕೆಂದು ಅನೇಕರ ಊಹೆ. 1986ರಲ್ಲಿ ಹ್ಯಾಲಿಯ ಹತ್ತಿರ ಹಾದುಹೋದ ಯುರೋಪಿನ ನೌಕೆಗೆ ಜೊತ್ತೊನ ಹೆಸರಿಟ್ಟದ್ದು ಅದಕ್ಕೇ. ಅದೇ ಗೋಡೆಯ ಮೂರನೇ ಸಾಲಿನ ನಡುವೆ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಮುತ್ತು: ಹಳದಿ ಮೇಲಂಗಿ ಯೇಸುವನ್ನು ಪೂರ್ತಿ ಮುಚ್ಚಿದೆ, ಎರಡು ಮುಖಗಳ ನಡುವೆ ಗೇಣು ಅಂತರವೂ ಇಲ್ಲ, ಇಬ್ಬರ ಕಣ್ಣೂ ಕದಲುತ್ತಿಲ್ಲ. ತಿರುಗಿ ಎಡಗೋಡೆಯ ಅದೇ ಸಾಲು: ಯೇಸುವಿನ ಶವದ ಮುಂದೆ ಗೋಳಾಟ. ನಮಗೆ ಬೆನ್ನು ಹಾಕಿ ಕೂತ ಇಬ್ಬರು ಹೆಂಗಸರನ್ನು ಗಮನಿಸಿ. ಮುಖವೇ ಕಾಣದಿದ್ದರೂ ದುಃಖ ಕಾಣುತ್ತದೆ. ಎಡಗೋಡೆಯ ತಳದಲ್ಲಿ ಕಲ್ಲಿನ ಶಿಲ್ಪದಂತೆ ಬೂದುಬಣ್ಣದಲ್ಲಿ ಬರೆದ ದುರ್ಗುಣಗಳ ಸಾಲಿದೆ. ಅದರಲ್ಲಿ ‘ಅಸೂಯೆ’ಯನ್ನು ಹುಡುಕಿ: ಕೈಯಲ್ಲಿ ದುಡ್ಡಿನ ಚೀಲ, ಕಾಲಡಿ ಬೆಂಕಿ, ಬಾಯಿಂದ ಹೊರಟ ಹಾವು ತಿರುಗಿ ಅವಳ ಕಣ್ಣನ್ನೇ ಕುಕ್ಕಲು ಬಂದಿದೆ.

ಕೊನೆಗೆ ಬಲಿಪೀಠಕ್ಕೆ ಬೆನ್ನು ಹಾಕಿ. ಎದುರಿನ ಇಡೀ ಗೋಡೆ ಅಂತಿಮ ತೀರ್ಪು. ಬಲಕ್ಕೆ ನರಕ. ಅಲ್ಲಿ ಬಡ್ಡಿಕೋರರು ತಮ್ಮದೇ ಚೀಲದ ದಾರದಿಂದ ನೇಣು ಬಿದ್ದಿದ್ದಾರೆ. ಎಡಕ್ಕೆ, ಸ್ವರ್ಗದವರ ಕಡೆ, ಮಂಡಿಯೂರಿ ಈ ಗುಡಿಯ ಪುಟ್ಟ ಮಾದರಿಯನ್ನು ಮರಿಯಳಿಗೆ ಒಪ್ಪಿಸುತ್ತಿರುವವನು ಎನ್ರಿಕೊ. ಬಡ್ಡಿಯವನ ಮಗ ಬಡ್ಡಿಯವರ ನರಕವನ್ನು ತನ್ನ ದುಡ್ಡಿನಲ್ಲೇ ಬರೆಸಿ, ತಾನು ಮಾತ್ರ ಶಿಲುಬೆಯ ಆಚೆ ಸುರಕ್ಷಿತವಾಗಿ ಕೂತಿದ್ದಾನೆ. ಭಕ್ತಿಯೋ ಲೆಕ್ಕಾಚಾರವೋ, ನೋಡಿ ನೀವೇ ಹೇಳಿ.

ಪಕ್ಕದ ಎರೆಮಿತಾನಿ ಚರ್ಚು ಆ ದೂರು ಕೊಟ್ಟ ಸನ್ಯಾಸಿಗಳದ್ದೇ. ಪ್ರವೇಶ ಉಚಿತ, ಕಾಲು ಗಂಟೆ ಸಾಕು. 1944ರ ಮಾರ್ಚ್ 11ರ ಬಾಂಬ್ ದಾಳಿಯಲ್ಲಿ ಚಿತ್ರಕಾರ ಮಾಂತೆನ್ಯಾನ ಚಿತ್ರಗಳಿದ್ದ ಒವೆತಾರಿ ಚಾಪೆಲ್ ಪುಡಿಯಾಯಿತು. ಹೆಕ್ಕಿದ ಚೂರುಗಳನ್ನು ಹಳೆಯ ಫೋಟೊಗಳ ಆಧಾರದಲ್ಲಿ ಗೋಡೆಯ ಮೇಲೆ ಮತ್ತೆ ಕೂರಿಸಿದ್ದಾರೆ. ಕೂಗಳತೆ ದೂರದ ಜೊತ್ತೊ ಉಳಿದುಕೊಂಡದ್ದು ಬರೀ ಅದೃಷ್ಟ.

ಕಾಸಿಲ್ಲದವರ ಕೋಣೆ, ಗೆಲಿಲಿಯೊನ ಮೇಜು

ದಕ್ಷಿಣಕ್ಕೆ ಎಂಟು ಹತ್ತು ನಿಮಿಷ ನಡೆದರೆ ಕಂಬಗಳ ಪೆದ್ರೋಕ್ಕಿ ಕಾಫಿಮನೆ, 1831ರಲ್ಲಿ ಶುರುವಾದದ್ದು. 1916ರವರೆಗೆ ಹಗಲೂ ರಾತ್ರಿ ತೆರೆದೇ ಇರುತ್ತಿದ್ದರಿಂದ ‘ಬಾಗಿಲಿಲ್ಲದ ಕಾಫಿಮನೆ’ ಎಂದು ಹೆಸರು. ಬಿಳಿ, ಕೆಂಪು, ಹಸಿರು ಕೋಣೆಗಳು. ಹಸಿರು ಕೋಣೆಯಲ್ಲಿ ಏನೂ ಕೊಳ್ಳದೆ ಕೂತು ಪತ್ರಿಕೆ ಓದಬಹುದಿತ್ತು, ಬಡ ವಿದ್ಯಾರ್ಥಿಗಳ ತಾಣ. ಇಟಾಲಿಯನ್ನಿನಲ್ಲಿ ಕಿಸೆ ಖಾಲಿಯಾದವನನ್ನು ‘ಹಸಿರಿನಲ್ಲಿದ್ದಾನೆ’ ಎನ್ನುತ್ತಾರೆ. ಆ ಮಾತು ಹುಟ್ಟಿದ್ದು ಈ ಕೋಣೆಯಿಂದಲೇ ಎಂದು ಊರಿನವರು ಬೀಗುತ್ತಾರೆ, ಬೇರೆಯವರು ಒಪ್ಪುವುದಿಲ್ಲ. ಬಿಳಿ ಕೋಣೆಯ ಗೋಡೆಯಲ್ಲಿ 1848ರ ಫೆಬ್ರವರಿ 8ರಂದು, ಆಗ ಊರನ್ನಾಳುತ್ತಿದ್ದ ಆಸ್ಟ್ರಿಯಾದ ಸೈನಿಕರು ವಿದ್ಯಾರ್ಥಿಗಳ ಮೇಲೆ ಹಾರಿಸಿದ ಗುಂಡಿನ ತೂತು ಇದೆ.

ಇಲ್ಲಿನ ವಿಶೇಷ, ಪುದೀನ ಕೆನೆ ತೇಲಿಸಿದ ಕಾಫಿ. ಕಲಕಬಾರದು, ಹಾಗೇ ಕುಡಿಯಬೇಕು. ಫಿಲ್ಟರ್ ಕಾಫಿಯ ನಾಲಿಗೆಗೆ ಪುದೀನ ಒಪ್ಪುತ್ತದೋ ಇಲ್ಲವೋ, ಒಂದು ಸಲ ನೋಡಿ. ಕೂತು ಕುಡಿದರೆ ದರ ಹೆಚ್ಚು, ಕೌಂಟರಿನಲ್ಲಿ ನಿಂತರೆ ಕಡಿಮೆ. ಇದು ಇಟಲಿಯ ಎಲ್ಲ ಕಡೆಯೂ ನಡೆಯುವ ಲೆಕ್ಕ.

ಎದುರಿಗೇ ಪಲಾತ್ಸೊ ಬೋ. ‘ಬೋ’ ಎಂದರೆ ಎತ್ತು. ಮೊದಲು ಇಲ್ಲಿದ್ದ ಛತ್ರದ ಹೆಸರು ವಿಶ್ವವಿದ್ಯಾಲಯಕ್ಕೇ ಅಂಟಿಕೊಂಡಿತು. ಬೊಲೋನ್ಯಾದಲ್ಲಿ ಸ್ವಾತಂತ್ರ್ಯ ಸಾಲದೆ ಸಿಡಿದು ಬಂದ ಮೇಷ್ಟ್ರು, ಹುಡುಗರು 1222ರಲ್ಲಿ ಶುರುಮಾಡಿದ ವಿದ್ಯಾಪೀಠ ಇದು. ಅಂಗಳದ ಮೆಟ್ಟಿಲ ಬುಡದಲ್ಲಿ ಎಲೆನಾ ಕೊರ್ನಾರೊ ಪಿಸ್ಕೋಪಿಯಾಳ ಪ್ರತಿಮೆ. 1678ರಲ್ಲಿ ತತ್ವಶಾಸ್ತ್ರದ ಪದವಿ ಪಡೆದು, ವಿಶ್ವವಿದ್ಯಾಲಯದ ಡಾಕ್ಟರೇಟ್ ಗಳಿಸಿದ ಮೊದಲ ಮಹಿಳೆ ಎಂದು ಹೆಸರಾದವಳು. ಒಳಗೆ 1595ರ ಅಂಗರಚನಾ ರಂಗಮಂದಿರ: ಮೊಟ್ಟೆಯಾಕಾರದ ಆರು ಸುತ್ತು ಮರದ ಕಟಕಟೆ, ಬಾವಿಯ ಹಾಗೆ. ಹೆಣ ಕೊಯ್ಯುತ್ತಿದ್ದ ತಳದಿಂದ ನಿಮ್ಮನ್ನು ಮೇಲೆ ನೋಡಿಸುತ್ತಾರೆ, ಅಂದರೆ ಹೆಣದ ಕಣ್ಣಿನಿಂದ. ರಕ್ತಪರಿಚಲನೆ ವಿವರಿಸಿದ ವಿಲಿಯಂ ಹಾರ್ವೆ 1602ರಲ್ಲಿ ಪದವಿ ಪಡೆದದ್ದು ಇಲ್ಲೇ.

ಗೆಲಿಲಿಯೊ 1592ರಿಂದ 1610ರವರೆಗೆ ಇಲ್ಲಿ ಗಣಿತ ಕಲಿಸಿದ. ಅವನು ಹತ್ತಿ ನಿಂತನೆನ್ನುವ ಒರಟು ಮರದ ವೇದಿಕೆ ತೋರಿಸುತ್ತಾರೆ. ಸಂಬಳ ಸಾಲುತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ತಂಗಿಯರ ವರದಕ್ಷಿಣೆ ಬಾಕಿ ತಲೆಯ ಮೇಲೆ ಬಿದ್ದಿತ್ತು. ಮನೆಯಲ್ಲಿ ಹುಡುಗರನ್ನು ಊಟ ವಸತಿಗೆ ಇಟ್ಟುಕೊಂಡು, ಮನೆಪಾಠ ಹೇಳಿ ಸಂಸಾರ ತೂಗಿಸಿದ. ಅದರ ನಡುವೆಯೇ 1610ರ ಜನವರಿಯಲ್ಲಿ ಗುರುವಿನ ಉಪಗ್ರಹಗಳನ್ನು ಕಂಡದ್ದು.

ದಾರಿಯಲ್ಲಿ ತಲೆಗೆ ಲಾರೆಲ್ ಎಲೆಯ ಹಾರ ಹಾಕಿಕೊಂಡ ಹುಡುಗ ಹುಡುಗಿಯರು, ಸುತ್ತ ‘ದೊತ್ತೋರೆ, ದೊತ್ತೋರೆ’ ಎಂದು ಹಾಡುವ ಗೆಳೆಯರು ಸಿಗಬಹುದು. ಅಂದು ಡಿಗ್ರಿ ಸಿಕ್ಕವರು. ಹಾಡಿನ ಉಳಿದ ಸಾಲಿನ ಅರ್ಥ ಅತ್ತೆ ಮಾವ ಜೊತೆಯಲ್ಲಿದ್ದರೆ ಕೇಳಬೇಡಿ.

ಪಾಪರ್ ಕಲ್ಲು

ಬೋದಿಂದ ಎರಡು ಹೆಜ್ಜೆ ಪಶ್ಚಿಮಕ್ಕೆ ಎರಡು ಸಂತೆ ಚೌಕಗಳು, ಎರ್ಬೆ ಮತ್ತು ಫ್ರುತ್ತಾ. ನಡುವೆ ಹಡಗನ್ನು ಕವುಚಿ ಹಾಕಿದಂಥ ಮಾಡಿನ ಪಲಾತ್ಸೊ ದೆಲ್ಲಾ ರಜೋನೆ, ಹಳೆಯ ನ್ಯಾಯಾಲಯ. ಕಟ್ಟಡ 1218ರದ್ದು, ಮಾಡು 1306ರ ಹೊತ್ತಿನ ಯೋಜನೆ. ಮೇಲಿನ ಸಭಾಂಗಣ ಸುಮಾರು 80 ಮೀಟರ್ ಉದ್ದ, 27 ಮೀಟರ್ ಅಗಲ, ನಡುವೆ ಒಂದೂ ಕಂಬವಿಲ್ಲ. ಜೊತ್ತೊನ ಚಿತ್ರಗಳು 1420ರ ಬೆಂಕಿಗೆ ಹೋದವು. ಈಗ ಸುತ್ತಲೂ ಕಾಣುವ ರಾಶಿ, ಗ್ರಹ, ತಿಂಗಳಿಗೊಂದು ಕಸುಬು, ಎಲ್ಲ ಆಮೇಲೆ ಬರೆದವು. ಜಾತಕ ನಂಬುವವರಿಗೂ ನಂಬದವರಿಗೂ ಅರ್ಧ ಗಂಟೆ ಸಾಲದು. ಬೃಹತ್ ಮರದ ಕುದುರೆ 1466ರ ಮೆರವಣಿಗೆಯೊಂದಕ್ಕೆ ಮಾಡಿದ್ದು.

ನನ್ನ ಗುರಿ ಮಾತ್ರ ಮೂಲೆಯಲ್ಲಿರುವ ಕಪ್ಪು ಕಲ್ಲು. ಹೆಸರು ‘ಅವಮಾನದ ಕಲ್ಲು’. ಸಾಲ ತೀರಿಸಲಾಗದವನು ಜನರ ಮುಂದೆ ಅಂಗಿ ಚಡ್ಡಿಯಲ್ಲಿ ನಿಂತು, ಈ ಕಲ್ಲಿಗೆ ಮೂರು ಸಲ ಕುಂಡೆ ಬಡಿದು ‘ಆಸ್ತಿ ಬಿಟ್ಟುಕೊಟ್ಟೆ’ ಎಂದು ಲ್ಯಾಟಿನ್ನಿನಲ್ಲಿ ಹೇಳಿ ಊರು ಬಿಡಬೇಕಿತ್ತು. ನಮ್ಮ ಹಳಬರು ಪಾಪರ್ ಚೀಟಿ ಎನ್ನುತ್ತಿದ್ದದ್ದರ ಇಟಲಿ ಆವೃತ್ತಿ. ಕ್ರೂರ ಅನ್ನಿಸುತ್ತದೆ. ಆದರೆ ಅದಕ್ಕೂ ಮುಂಚೆ ಸಾಲಗಾರನಿಗೆ ಸಿಗುತ್ತಿದ್ದದ್ದು ಸೆರೆಮನೆ. 1231ರ ಮಾರ್ಚಿನಲ್ಲಿ, ಆಸ್ತಿ ಒಪ್ಪಿಸಿದ ಸಾಲಗಾರನನ್ನು ಜೈಲಿಗೆ ಹಾಕಕೂಡದೆಂಬ ಕಾನೂನು ಬಂತು. ಅದನ್ನು ಮಾಡಿಸಿದವರ ಹೆಸರು ಕಾನೂನಿನಲ್ಲೇ ಇದೆ: ಸೋದರ ಅಂತೋಣಿ. ಸಂಜೆ ಅವರ ಸಮಾಧಿಗೆ ಹೋಗುವವರು ಈ ಕಲ್ಲನ್ನು ಮೊದಲು ನೋಡಿರಬೇಕು, ಅದಕ್ಕೇ ಈ ಕ್ರಮ.

ಊಟ: ಸಸ್ಯಾಹಾರಿಗಳು ಎಲ್ಲಿ ಎಡವುತ್ತಾರೆ

ಕಟ್ಟಡದ ಕೆಳಗೇ ಅಂಗಡಿ ಸಾಲು: ಚೀಸ್, ಬ್ರೆಡ್, ಮಾಂಸ. ಹೊರಗೆ ಹಣ್ಣು ತರಕಾರಿ. ಸಂತೆ ಮಧ್ಯಾಹ್ನಕ್ಕೆ ಕಟ್ಟಿಬಿಡುತ್ತದೆ, ಹಣ್ಣು ಮೊದಲೇ ಕೊಂಡಿಟ್ಟುಕೊಳ್ಳಿ. ಮೆನುವಿನಲ್ಲಿ ‘ಬೀಗೊಲಿ ಇನ್ ಸಾಲ್ಸಾ’ ಕಂಡು ಟೊಮೇಟೊ ಸಾಸ್ ಎಂದುಕೊಳ್ಳಬೇಡಿ, ಅದು ಮೀನು ಈರುಳ್ಳಿಯದು. ‘ಕವಾಲ್ಲೊ’ ಎಂದರೆ ಕುದುರೆ, ಇಲ್ಲಿ ತಿನ್ನುತ್ತಾರೆ. ರಿಸೊಟ್ಟೊವನ್ನು ಬಹುತೇಕ ಮಾಂಸದ ಸಾರಿನಲ್ಲೇ ಬೇಯಿಸಿರುತ್ತಾರೆ. ಗ್ರಾನಾ ಪದಾನೊ ಚೀಸಿಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕುತ್ತಾರೆ, ಕಟ್ಟುನಿಟ್ಟಿನವರು ಬಿಡಬೇಕು. ತಮಾಷೆ ಎಂದರೆ, ಮೀನಿನ ವಾಸನೆಯ ಹೆಸರಿನ ‘ಮರಿನಾರಾ’ ಪಿಜ್ಜಾದಲ್ಲಿ ಮೀನೂ ಇಲ್ಲ ಚೀಸೂ ಇಲ್ಲ, ಬರೀ ಟೊಮೇಟೊ ಬೆಳ್ಳುಳ್ಳಿ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’ ಅಂದರೆ ಮಾಂಸವಿಲ್ಲದೆ, ಮೀನಿಲ್ಲದೆ. ಬಾಯಿಪಾಠ ಮಾಡಿಕೊಳ್ಳಿ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟು ಸೇರಿದ್ದರೆ ಜಗಳವಾಡಬೇಡಿ, ಅದು ಕೂತದ್ದಕ್ಕೆ.

ತಕ್ಕಡಿ ಇಲ್ಲದ ಗಡಿಯಾರ

ಪಕ್ಕದ ಸಿನ್ಯೋರಿ ಚೌಕದ ಗೋಪುರದಲ್ಲಿ 24 ಗಂಟೆಯ ಖಗೋಳ ಗಡಿಯಾರವಿದೆ. ಮೂಲದ್ದು 1344ರಲ್ಲಿ ಯಾಕೊಪೊ ದೊಂದಿ ಮಾಡಿದ್ದು, ಈಗಿನದು ಮುಂದಿನ ಶತಮಾನದ್ದು. ರಾಶಿಗಳನ್ನು ಎಣಿಸಿ: ತುಲಾ ಇಲ್ಲ. ಕೆಲಸಕ್ಕೆ ತಕ್ಕ ಕೂಲಿ ಕೊಡದ ಊರಿಗೆ ನ್ಯಾಯದ ತಕ್ಕಡಿ ಯಾಕೆಂದು ಕುಶಲಕರ್ಮಿ ಬಿಟ್ಟುಬಿಟ್ಟ ಎಂಬುದು ಊರಿನ ಕತೆ. ಹಳೆಯ ಪದ್ಧತಿಯಲ್ಲಿ ವೃಶ್ಚಿಕದ ಕೊಂಡಿಗಳೇ ತುಲಾದ ಜಾಗ ಹಿಡಿಯುತ್ತಿದ್ದವು ಎಂಬುದು ವಿದ್ವಾಂಸರ ವಿವರಣೆ. ನನಗೆ ಕೂಲಿಯ ಕತೆಯೇ ಇಷ್ಟ.

ಅಲ್ಲಿಂದ ಬ್ಯಾಪ್ಟಿಸ್ಟರಿಗೆ ಎರಡು ನಿಮಿಷ. ಊರಿನ ಒಡೆಯನ ಹೆಂಡತಿ ಫೀನಾ ಬುತ್ಸಾಕರೀನಿ ಚಿತ್ರಕಾರ ಜೂಸ್ತೊ ದೆ ಮೆನಾಬೂಯಿಯಿಂದ 1370ರ ದಶಕದಲ್ಲಿ ಬರೆಸಿದ ಗುಮ್ಮಟ, ಸಾಲು ಸಾಲು ಸಂತರ ಚಕ್ರ. ಸಮಯ ಕಡಿಮೆಯಿದ್ದರೆ ಬಿಡಬಹುದಾದದ್ದು ಇದೊಂದೇ, ಆದರೆ ಬಿಟ್ಟರೆ ನಾನು ಒಪ್ಪುವುದಿಲ್ಲ.

ತೋಟ, ಸಂತ, ಬಯಲು

ಊಟದ ತೂಕಡಿಕೆಯ ಹೊತ್ತಿಗೆ ಟ್ರಾಮ್ ಹತ್ತಿ ‘ಸಾಂತೊ’ ನಿಲ್ದಾಣದಲ್ಲಿ ಇಳಿಯಿರಿ. ಮೊದಲು ಸಸ್ಯೋದ್ಯಾನಕ್ಕೆ ಹೋಗಿ, ಚಳಿಗಾಲದಲ್ಲಿ ಬೇಗ ಮುಚ್ಚುತ್ತದೆ. 1545ರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಮೂಲಿಕೆ ಗುರುತಿಸಲು ಕಲಿಸಲೆಂದು ಮಾಡಿದ್ದು. ಮೊದಲಿನ ಜಾಗದಲ್ಲೇ ಉಳಿದಿರುವ ವಿಶ್ವವಿದ್ಯಾಲಯದ ತೋಟಗಳಲ್ಲಿ ಜಗತ್ತಿಗೇ ಹಳೆಯದು. ಗಿಡ ಕದಿಯುವವರ ಕಾಟಕ್ಕೆ ದುಂಡನೆಯ ಗೋಡೆ ಕಟ್ಟಿದರು. 1585ರಲ್ಲಿ ನೆಟ್ಟ ತಾಳೆ ಜಾತಿಯ ಮರ ಗಾಜಿನ ಮನೆಯಲ್ಲಿ ಇನ್ನೂ ಇದೆ. 1786ರಲ್ಲಿ ಜರ್ಮನ್ ಕವಿ ಗಯಟೆ ಬಂದು ಅದರ ಮುಂದೆ ನಿಂತಿದ್ದ. ಮುಂದೆ ಈ ತೋಟದ ಮುಖ್ಯಸ್ಥನಾದ ಪ್ರೊಸ್ಪೆರೊ ಆಲ್ಪೀನಿ 1592ರಲ್ಲಿ ಈಜಿಪ್ಟಿನ ಗಿಡಗಳ ಬಗ್ಗೆ ಬರೆದ ಪುಸ್ತಕದಲ್ಲಿ ಕಾಫಿ ಗಿಡದ ವಿವರವಿದೆ. ಚಿಕ್ಕಮಗಳೂರಿನವರು ಒಂದು ನಮಸ್ಕಾರ ಹಾಕಿಬನ್ನಿ.

ಸಂತ ಅಂತೋಣಿಯವರ ಬೆಸಿಲಿಕಾ ಪಕ್ಕದಲ್ಲೇ. ಇಲ್ಲಿ ಅದಕ್ಕೆ ಹೆಸರೇ ಬೇಡ, ‘ಇಲ್ ಸಾಂತೊ’ ಎಂದರೆ ಸಾಕು. ಭುಜ, ಮೊಣಕಾಲು ಮುಚ್ಚಿರಲಿ, ಒಂದು ದುಪ್ಪಟ್ಟಾ ಇಟ್ಟುಕೊಂಡಿರಿ. ಹೊರಗೆ ಕುದುರೆ ಮೇಲೆ ಕೂತವನು ಗತ್ತಮೆಲಾತಾ, ಬಾಡಿಗೆ ದಂಡನಾಯಕ. ಕಂಚಿನಲ್ಲಿ ಎರಕ ಹೊಯ್ದವನು ದೊನಾತೆಲ್ಲೊ.

ಒಳಗೆ ಎಡಕ್ಕೆ ಸಮಾಧಿ. ಜನ ಸಾಲಾಗಿ ಬಂದು ಹಿಂಬದಿಯ ಕಲ್ಲಿಗೆ ಅಂಗೈ ಒತ್ತಿ ನಿಲ್ಲುತ್ತಾರೆ, ಪಕ್ಕದಲ್ಲಿ ಮಕ್ಕಳ, ರೋಗಿಗಳ ಫೋಟೊಗಳು. ಡೋರನಹಳ್ಳಿಯಲ್ಲಿ ಹರಕೆ ಹೊತ್ತವರಿಗೆ ಈ ಮೌನ ಗೊತ್ತಿರುತ್ತದೆ. ಸುತ್ತ ಗೋಡೆಯಲ್ಲಿ ಅಮೃತಶಿಲೆಯ ಪವಾಡದ ಉಬ್ಬುಶಿಲ್ಪಗಳಿವೆ. ಅದರಲ್ಲಿ ತುಲ್ಲಿಯೊ ಲೊಂಬಾರ್ದೊ 1525ರಲ್ಲಿ ಕೆತ್ತಿದ ಒಂದನ್ನು ಹುಡುಕಿ. ಜಿಪುಣ ಲೇವಾದೇವಿಗಾರ ಸತ್ತಿದ್ದಾನೆ, ಎದೆ ಬಗೆದರೆ ಹೃದಯವೇ ಇಲ್ಲ. ಸಂತರು ಹೇಳಿದಂತೆ ಅದು ಸಿಕ್ಕಿದ್ದು ಅವನ ಹಣದ ಪೆಟ್ಟಿಗೆಯಲ್ಲಿ. ಬೆಳಿಗ್ಗೆ ನೋಡಿದ ಎನ್ರಿಕೊನ ಮುಖ ಇಲ್ಲಿ ನೆನಪಾಗದಿರದು. ಹಿಂಬದಿಯ ಚಾಪೆಲ್ಲಿನಲ್ಲಿ ಸಂತರ ನಾಲಿಗೆಯನ್ನು ಇಟ್ಟಿದ್ದಾರೆ. 1263ರಲ್ಲಿ ಸಮಾಧಿ ತೆರೆದಾಗ ಅದೊಂದು ಕೊಳೆಯದೆ ಉಳಿದಿತ್ತು ಎನ್ನುವುದು ನಂಬಿಕೆ.

ಸಂಜೆಗೆ ಐದು ನಿಮಿಷ ನಡೆದು ಪ್ರಾತೊ ದೆಲ್ಲಾ ವಾಲ್ಲೆಗೆ ಬನ್ನಿ. 1775ರಲ್ಲಿ ಆಂದ್ರೆಯಾ ಮೆಮ್ಮೊ ಜೌಗು ನೆಲ ಒಣಗಿಸಿ, ಕಾಲುವೆ ತೋಡಿ ಮಾಡಿಸಿದ ವಿಶಾಲ ಬಯಲು. ಕಾಲುವೆಯ ಎರಡೂ ದಡಕ್ಕೆ 78 ಕಲ್ಲಿನ ಪ್ರತಿಮೆಗಳು. ನಡುವಿನ ಹುಲ್ಲಿನ ಮೇಲೆ ಹುಡುಗರು ಬಿದ್ದುಕೊಂಡಿರುತ್ತಾರೆ, ನೀವೂ ಚಪ್ಪಲಿ ಬಿಟ್ಟು ಕಾಲು ಚಾಚಿ. ಸುತ್ತಲಿನ ಮೇಜುಗಳ ಮೇಲೆ ಕಾಣುವ ಕಿತ್ತಳೆ ಬಣ್ಣದ ಪಾನೀಯಕ್ಕೆ ಹಾಕುವ ಅಪೆರೋಲ್ ಎಂಬ ಮದ್ಯ 1919ರಲ್ಲಿ ಈ ಊರಿನಲ್ಲೇ ಹುಟ್ಟಿದ್ದು. ಕುಡಿಯದವರು ‘ಅನಾಲ್ಕೊಲಿಕೊ’ ಎಂದು ಕೇಳಿದರೆ ಮದ್ಯವಿಲ್ಲದ್ದನ್ನು ಕೊಡುತ್ತಾರೆ.

ಇಲ್ಲಿಂದ ಟ್ರಾಮ್ ನೇರ ಸ್ಟೇಷನ್ನಿಗೆ. ಹಿಂದಿರುಗುವ ಟಿಕೆಟ್ಟಿಗೂ ಮುದ್ರೆ ಒತ್ತಿಸಿಕೊಳ್ಳಿ. ಇಲ್ಲದಿದ್ದರೆ ಗಾಡಿಯಲ್ಲೇ ದಂಡ ಕಟ್ಟಿಸುತ್ತಾರೆ, ಅವಮಾನದ ಕಲ್ಲೊಂದಿಲ್ಲ ಅಷ್ಟೇ.